ಕೂತವರ ಅಳತಿ

ಇಪ್ಪತ್ತೆರಡು ವರ್ಷ ಭಾಲ್ಕಿ-ಬೀದರ ರೂಟಿನ್ಯಾಗ
ಐವತ್ತೈದು ಸೀಟಿಗೆ ತೊಂಬತ್ತು ಮಂದಿ ತುಂಬಿದವ ನಾನು,
ಒಂದೇ ಸೀಟಿನ ಮನಿ ಹುಡುಕಲಿಕ್ಕ ಹೊಂಟೆ.

ಸೋಮವಾರ ನನ್ನ ರಜಾ. ಹಿಂದಿನ ರಾತ್ರಿ
ಡಿಪೋದಾಗ ಚೀಲ ಒಪ್ಪಿಸಿ, ಚಿಲ್ಲರ ಎಣಿಸಿ ಕೊಟ್ಟು
ಸೈಕಲ್ ತುಳಿದರ ಕಾರಂಜಾದ ಹಿನ್ನೀರು.
ಪುಷ್ಯದ ಥಂಡಿ ಅಲ್ಲಿ
ಮೊದಲ ಕಿವಿಗೆ ಟಿಕೆಟ್ ಕೇಳತದ, ಆಮ್ಯಾಲ ಮಂಡಿಗೆ.
ಎರೆಹುಳ ಸುತ ಬೆರಳಿನ್ಯಾಗ ಕಡ್ಡಿ ಆಗತದ.
ಕಂಬಳಿ ಹೊದ್ದರ ಕೈ ಕಟ್ಟಿದಂಗ,
ಬೆಂಕಿ ಹಾಕಿದರ ಮೀನ ದೂರ.

ಉಸ್ಮಾನಗಂಜಿನ ಅಂಗಡಿಯವ
ಹಪ್ಪಳದಂಥ ಒಂದು ದುಂಡನ ಚೀಲ ಬಿಚ್ಚಿದ:
ಠಪ್ ಅಂತ ಎದ್ದು ನಿಂತಿತು ಡೇರೆ,
ಅವನ ಚಾದ ಕಪ್ಪು ಉರುಳಿತು.
ತೆರೀಲಿಕ್ಕ ಒಂದು ಚಿಟಿಕಿ.
ಮಡಚಲಿಕ್ಕ ಅವ, ಅವನ ಅಳಿಯ, ನಾನು, ಅರ್ಧ ತಾಸು.
ಕತ್ತಲಾಗ ಒಬ್ಬಾವ ಏನ್ ಮಾಡ್ಲಿ?

ನೀಲಿ ತಾಡಪತ್ರಿ ಸೋವಿ, ಹಗುರ.
ಆದರ ಗಾಳಿಗೆ ಪಟಪಟ ಪಟಪಟ, ಲಗ್ನದ ಮನಿ ಹಂಗ.
ಮೀನಿಗೂ ಬ್ಯಾಸರಾಗತದ.
ಗುಜರಿಯವ ಹಳೇ ಬಸ್ಸಿನ ರೆಕ್ಝಿನ್ ತೋರಿಸಿದ.
ಮೂಸಿ ನೋಡಿದೆ: ಅದರೊಳಗ
ಹಲಬರ್ಗಾದ ಮುದುಕಿಯರ ಎಲಿ-ಸುಣ್ಣ, ಕಾಲೇಜಿನ ಹುಡುಗರ ಸೆಂಟು,
ಸಂತಿಯ ಮೆಂತ್ಯಾ, ಯಾರದೋ ವಾಂತಿ.
ಬ್ಯಾಡಪಾ, ಅಂದೆ.

ಕೊನಿಗೆ ಚೌಬಾರಾದ ಹಿಂದಿನ ಓಣಿ,
ದರ್ಜಿ ಖುದ್ದೂಸ ಚಾಚಾ, ಒಂದು ಥಾನು ಖಾಕಿ ಕ್ಯಾನ್ವಾಸು.
"ಎಷ್ಟು ಮಂದಿಗೆ?"
ಒಬ್ಬಂಗ.
"ನಿಂತು ಇರತೀಯೋ, ಮಲಗಿ ಇರತೀಯೋ?"
ಕೂತು.

ಚಾಚಾನ ಟೇಪು ನಡುವ ನಿಂತಿತು.
"ನಿಂತವರ ಅಳತಿ ನಲವತ್ತು ವರ್ಷ ತಗೊಂಡೀನಿ.
ಮಲಗಿದವರದೂ ತಗೊಂಡೀನಿ, ಅದಕ್ಕ ರೊಕ್ಕ ಮುಟ್ಟಿಲ್ಲ.
ಕೂತವರದು ಇದೇ ಮೊದಲು."

ಸ್ಟೂಲಿನ ಮ್ಯಾಲ ಕೂಡಿಸಿ, ಕೈಗೆ ಗಜದ ಕೋಲು ಕೊಟ್ಟ:
"ಮೀನ ಕಚ್ಚಿತು ಅಂತ ತಿಳಿ. ಎಳಿ."
ಎಳದೆ. ಮೊಣಕೈ ಹೋದಲ್ಲಿ ಸೀಮೆಸುಣ್ಣದ ಗೀಟು.
ಕಾಜಾ ಹಾಕಸಲಿಕ್ಕ ಬಂದ ಹುಡುಗಿ
ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಿತು.

ಚೈನು ಬ್ಯಾಡ, ಥಂಡಿಗೆ ಬಿಗೀತದ. ಹಗ್ಗದ ಗುಂಡಿ ಇರಲಿ.
ಕಿಟಕಿ ನೀರಿನ ಕಡಿಗೆ ಒಂದೇ.
ಎರಿ ಮಣ್ಣಿಗೆ ಗೂಟ ಆರು; ಕೆಂಪು ಕಲ್ಲಿನ್ಯಾಗ ಗೂಟ ಇಳಿಯೂದಿಲ್ಲ,
ಅಲ್ಲಿ ಕಲ್ಲು ಹೇರಲಿಕ್ಕ ಅಂಚಿಗೆ ಜೇಬು.
ಎಲ್ಲಾ ಸೇರಿ ನಾಲ್ಕು ಕಿಲೋ,
ಎಡಗಡಿ ಹೆಗಲಿಗೆ ಗೊತ್ತಿದ್ದ ತೂಕ.

ಮೊದಲನೇ ರಾತ್ರಿ.
ಯಾರೂ ತಳ್ಳಲಿಲ್ಲ. ಯಾರೂ ಐದುನೂರರ ನೋಟು ಕೊಡಲಿಲ್ಲ.
ನನ್ನ ಉಸಿರು ಕ್ಯಾನ್ವಾಸಿಗೆ ಬಡಿದು
ಬೆಚ್ಚಗ ನನಗೇ ತಿರುಗಿ ಬರೂದು ಕೇಳಿಸಿತು.
ಇಷ್ಟು ದಿನ ಅದು ಎಲ್ಲಿ ಹೋಗ್ತಿತ್ತೋ.

ಮೂರರ ಸುಮಾರಿಗೆ ಹೊರಗ ಕೆಮ್ಮು.
ತೊಗರಿ ಕಾಯಲಿಕ್ಕ ಬಂದ ಹುಡುಗ,
ಹಂದಿ ಓಡಸೋ ಡಬ್ಬಿ ಬಗಲಾಗ,
ಡಬ್ಬಿಗಿಂತ ಹಲ್ಲೇ ಜೋರ ಬಡಕೋತಾವ.
"ಕಾಕಾ, ಜಾಗ ಅದೇನ್ರಿ?"

ಇಲ್ಲ ಅನ್ನಲಿಕ್ಕೇ ಬಾಯಿ ತೆರೆದೆ.
ಬಾಯಿ ತನಗೆ ಗೊತ್ತಿದ್ದದ್ದು ಅಂತು:
"ನಡೀ ನಡೀ, ಒಳಗ ನಡೀ, ಹಿಂದ ಖಾಲಿ ಅದ!"

ಹಿಂದ ಎಲ್ಲಿಂದು?
ಅವನ ಮಂಡಿ ನನ್ನ ಬಗಲಾಗ, ಡಬ್ಬಿ ನನ್ನ ತೊಡಿ ಮ್ಯಾಲ,
ಚಾಚಾನ ಹೊಲಿಗಿ ಎರಡೂ ಕಡಿ ಕಿರ್ ಅಂತದ.
ಕಿಟಕಿಯಾಗಿಂದ ಹಾಯಿಸಿದ ಕೋಲಿನ ತುದಿಗೆ
ಗಂಟಿ ಒಮ್ಮೆ ಹೊಡೀತು.
ಒಂದು ಗಂಟಿ ಅಂದರ ನಿಲ್ಲು.
ಉಸಿರು ಹಿಡಿದು ನಿಂತಿವಿ, ಅಂದರ ಕೂತಿವಿ.
ಆಮ್ಯಾಲ ಡಬಲ್.

ಎಳೀಲಿಕ್ಕ ಮೊಣಕೈಗೆ ಜಾಗಿಲ್ಲ.
ಇಳೀರಿ, ಇಳೀರಿ, ಲಗೂನ,
ಮೊದಲ ಯಾರು?